ಉಸ್ತಾದರ ಕಿವಿ

ಹೊಸೂರು ರಸ್ತೆಯ ಮೇಲೆ ಈಗ ಹಳದಿ ಮಾರ್ಗದ ಮೆಟ್ರೋ ಓಡುತ್ತಿದೆ. 2025ರ ಆಗಸ್ಟ್‌ನಲ್ಲಿ ಅದು ಆರಂಭವಾದಾಗ ಹೆಬ್ಬಗೋಡಿಗೂ ಒಂದು ನಿಲ್ದಾಣ ಸಿಕ್ಕಿತು. ಮೊನ್ನೆ ಅಲ್ಲಿ ಇಳಿದು ಒಳಬೀದಿಗೆ ತಿರುಗಿದಾಗ ಒಂದು ಹಳೆಯ ಗ್ಯಾರೇಜಿನ ನೆನಪಾಯಿತು. ಅದರ ಜೊತೆಗೇ ನನ್ನ ಒಂದು ತಪ್ಪಿನ ನೆನಪೂ ಬಂತು. ಅದನ್ನು ಹೇಳಿಕೊಳ್ಳಲು ಇಷ್ಟು ವರ್ಷ ಮನಸ್ಸಾಗಿರಲಿಲ್ಲ.

2011ರ ಮಾತು. ನಾನಾಗ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದೆ. ಅಬ್ಬಾ ತೀರಿಕೊಂಡಾಗ ನನಗೆ ಉಳಿದದ್ದು ಅವರ ಕೈಗಡಿಯಾರ ಮತ್ತು ಒಂದು ರಾಜದೂತ್ 350. ಯಮಹಾ ಕಂಪೆನಿಯ ಆರ್‌ಡಿ 350 ಗಾಡಿಯನ್ನು ಎಸ್ಕಾರ್ಟ್ಸ್‌ನವರು 1983ರಿಂದ ಆ ದಶಕದ ಕೊನೆಯವರೆಗೆ ಭಾರತದಲ್ಲಿ ತಯಾರಿಸಿದ್ದರು. 347 ಸಿಸಿಯ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್, ಆರು ಗೇರು, ಸಿಲಿಂಡರಿಗೊಂದರಂತೆ ಎರಡು ಕಾರ್ಬೊರೇಟರ್. ಆಗಿನ ಕಾಲಕ್ಕೆ ಅದು ಜನಸಾಮಾನ್ಯರ ಗಾಡಿಯಾಗಿರಲಿಲ್ಲ. ಪೆಟ್ರೋಲ್ ಕುಡಿಯುತ್ತಿತ್ತು, ಬಿಡಿಭಾಗ ದುಬಾರಿಯಾಗಿತ್ತು. ಆದರೂ ಅಬ್ಬಾ ಅದನ್ನು ಮಾರಲಿಲ್ಲ.

ಆ ಗಾಡಿಯನ್ನು ಮುಟ್ಟುವ ಹಕ್ಕಿದ್ದದ್ದು ಒಬ್ಬರಿಗೆ ಮಾತ್ರ. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಮೊದಲು ಶಿವಾಜಿನಗರದಲ್ಲಿ ಕೆಲಸ ಮಾಡುತ್ತಿದ್ದವರು, ಕೊನೆಗೆ ಹೆಬ್ಬಗೋಡಿಯಲ್ಲಿ ಬೇರೊಬ್ಬರ ಗ್ಯಾರೇಜಿನಲ್ಲಿ ದಿನಗೂಲಿಗೆ ಕುಳಿತಿದ್ದರು.

ಎರಡು ಕಾರ್ಬೊರೇಟರಿನ ಗಾಡಿಯನ್ನು ಜೋಡೆತ್ತಿಗೆ ಹೋಲಿಸಬಹುದು. ಒಂದು ಎತ್ತು ಎಳೆದು ಇನ್ನೊಂದು ಬರೀ ಹೆಜ್ಜೆ ಹಾಕಿದರೆ ನೊಗ ಓರೆಯಾಗುತ್ತದೆ. ಇಲ್ಲಿಯೂ ಹಾಗೆಯೇ. ಹ್ಯಾಂಡಲಿನಿಂದ ಬರುವ ಕೇಬಲ್ ಎರಡಾಗಿ ಕವಲೊಡೆದು ಎರಡೂ ಕಾರ್ಬೊರೇಟರಿನ ಸ್ಲೈಡ್‌ಗಳನ್ನು ಎತ್ತುತ್ತದೆ. ಒಂದು ಕೇಬಲ್ ಸ್ವಲ್ಪ ಸಡಿಲವಾದರೂ ಸಾಕು, ಒಂದು ಸಿಲಿಂಡರ್ ಮೊದಲು ದುಡಿಯಲು ಆರಂಭಿಸುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಗಾಡಿ ನಡುಗುತ್ತದೆ. ಬಿಚ್ಚಿ ನೋಡಿದರೆ ಒಂದು ಪ್ಲಗ್ ಕಪ್ಪು, ಇನ್ನೊಂದು ಬಿಳಿಚಿಕೊಂಡಿರುತ್ತದೆ.

ಇದನ್ನು ಸರಿಪಡಿಸಲು ಉಸ್ತಾದರಿಗೆ ಯಾವ ಉಪಕರಣವೂ ಬೇಕಿರಲಿಲ್ಲ. ಕಾರ್ಬೊರೇಟರಿನ ಬಾಯಿಗೆ ಎರಡೂ ಕೈಯ ಬೆರಳಿಟ್ಟು, ಹುಡುಗನೊಬ್ಬನಿಗೆ ಆಕ್ಸಿಲರೇಟರ್ ತಿರುಗಿಸಲು ಹೇಳಿ, ಎರಡೂ ಸ್ಲೈಡ್ ಒಟ್ಟಿಗೆ ಏಳುತ್ತವೆಯೇ ಎಂದು ನೋಡುತ್ತಿದ್ದರು. ಕೈಬಿಟ್ಟಾಗ ಎರಡೂ ಬೀಳುವ ಸದ್ದು ಒಂದೇ ಆಗಿರಬೇಕು. ಎರಡು ಸದ್ದು ಕೇಳಿದರೆ ಕೆಲಸ ಮುಗಿದಿಲ್ಲ ಎಂದರ್ಥ. ಆಮೇಲೆ ಎಂಜಿನ್ ಚಾಲೂ ಮಾಡಿ, ಎರಡೂ ಸೈಲೆನ್ಸರಿನ ಹಿಂದೆ ಅಂಗೈ ಹಿಡಿದು, ತಲೆ ಓರೆ ಮಾಡಿ ಕೇಳುತ್ತಾ ಕೂರುತ್ತಿದ್ದರು.

ಆದರೆ ಆ ಕಿವಿ ಮಂದವಾಗತೊಡಗಿತ್ತು. ಮೂವತ್ತು ವರ್ಷ ಸೈಲೆನ್ಸರಿನ ಪಕ್ಕ ಕುಳಿತವರ ಕಿವಿಗೆ ಮೊದಲು ಕೇಳದಾಗುವುದು ಸಣ್ಣ, ತೀಕ್ಷ್ಣ ಸದ್ದುಗಳು. ಉಸ್ತಾದ್ ಅದನ್ನು ಯಾರಿಗೂ ಹೇಳಿರಲಿಲ್ಲ. ಅವರು ಒಂದೇ ಕೆಲಸವನ್ನು ಮೂರು ಸಲ ಮಾಡುವುದನ್ನು ನೋಡಿ ನಾನೇ ಊಹಿಸಿದ್ದೆ. ಗ್ಯಾರೇಜಿನ ಹುಡುಗರೂ ಬೆನ್ನ ಹಿಂದೆ ನಗುತ್ತಿದ್ದರು.

ನಾನು ಅಳತೆಯ ಕೆಲಸದವನು. ಕಿವಿಗೆ ಕೇಳದಿದ್ದರೆ ಕಣ್ಣಿಗೆ ಕಾಣುವಂತೆ ಮಾಡೋಣ ಎಂದುಕೊಂಡೆ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕೋಣೆಯಲ್ಲಿ ಸೆಳೆತ ಉಂಟಾಗಿ, ಗಾಳಿ ಮತ್ತು ಪೆಟ್ರೋಲನ್ನು ಕಾರ್ಬೊರೇಟರಿನಿಂದ ಒಳಗೆಳೆಯುತ್ತದೆ. ಎರಡೂ ಕಡೆಯ ಸೆಳೆತವನ್ನು ಅಳೆದು ಸಮ ಮಾಡಿದರೆ ಕೆಲಸ ಆಯಿತು. ನಂತರದ ಎಷ್ಟೋ ಬಹು ಸಿಲಿಂಡರಿನ ಗಾಡಿಗಳಲ್ಲಿ ಇದಕ್ಕಾಗಿಯೇ ಸಣ್ಣ ವ್ಯಾಕ್ಯೂಮ್ ರಂಧ್ರಗಳಿರುತ್ತವೆ. ನಮ್ಮ ಗಾಡಿಯಲ್ಲಿರಲಿಲ್ಲ. ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ಮ್ಯಾನಿಫೋಲ್ಡ್ ಹಾಳಾಗಿದ್ದರಿಂದ ಅಬ್ಬಾ ಅದನ್ನು ಅಲ್ಯೂಮಿನಿಯಂನಲ್ಲಿ ಲೇತ್ ಮೇಲೆ ಮಾಡಿಸಿಕೊಂಡಿದ್ದರು. ಆ ಎರಡೂ ತುಂಡುಗಳನ್ನು ಬಿಚ್ಚಿಕೊಂಡು ಹೋಗಿ, 4.2 ಮಿ.ಮೀ. ರಂಧ್ರ ಕೊರೆದು, 5 ಮಿ.ಮೀ. ಟ್ಯಾಪ್ ಹಾಕಿ, ಹಿತ್ತಾಳೆಯ ನಿಪ್ಪಲ್ ಕೂರಿಸಿದೆ. ಗಾಡಿಯ ಮೇಲೆಯೇ ಕೊರೆಯಬಾರದು. ಲೋಹದ ಚೂರು ಒಳಗೆ ಬಿದ್ದರೆ ಎಂಜಿನ್ ಹಾಳಾಗುತ್ತದೆ.

ಗೇಜ್ ಕೊಳ್ಳಲಿಲ್ಲ. ಪಾರದರ್ಶಕ ಪೈಪನ್ನು ಇಂಗ್ಲಿಷಿನ ಯು ಅಕ್ಷರದಂತೆ ಹಲಗೆಗೆ ಕಟ್ಟಿ, ಅರ್ಧಕ್ಕೆ ಟೂ ಟಿ ಆಯಿಲ್ ತುಂಬಿ, ಎರಡು ತುದಿಗಳನ್ನು ಎರಡು ನಿಪ್ಪಲಿಗೆ ಸಿಕ್ಕಿಸಿದೆ. ಯಾವ ಕಡೆ ಸೆಳೆತ ಹೆಚ್ಚೋ ಆ ಕಡೆ ಎಣ್ಣೆ ಏರುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನ ಸೆಳೆತ ಮಿಡಿತದಂತೆ ಬರುವುದರಿಂದ ಎಣ್ಣೆ ಕುಣಿಯುತ್ತಿತ್ತು. ಹಳೆಯ ಕಾರ್ಬೊರೇಟರಿನ ಎರಡು ಜೆಟ್‌ಗಳನ್ನು ಪೈಪಿನೊಳಗೆ ತುರುಕಿ ದಾರಿ ಕಿರಿದು ಮಾಡಿದ ಮೇಲೆ ನಿಂತಿತು. ಈ ಉಪಕರಣಕ್ಕೆ ಹೊರಗಿನ ಮಾಪನ ಬೇಕಿಲ್ಲ. ಇಲ್ಲಿ ಒಂದಕ್ಕೆ ಇನ್ನೊಂದೇ ಅಳತೆ.

ಇದೇನೂ ನನ್ನ ಜಾಣತನವಲ್ಲ. 1206ರಲ್ಲಿ ಅಲ್ ಜಝರಿ ಎಂಬ ಶಿಲ್ಪಿ ದಿಯಾರ್‌ಬಕಿರ್‌ನಲ್ಲಿ ಅರ್ತುಖಿದ್ ದೊರೆಯ ಆಶ್ರಯದಲ್ಲಿದ್ದುಕೊಂಡು ಬರೆದು ಮುಗಿಸಿದ ಯಂತ್ರಗಳ ಗ್ರಂಥದಲ್ಲಿ ನೀರೆತ್ತುವ ಒಂದು ಪಂಪಿನ ವಿವರವಿದೆ. ಎದುರು ಬದುರಾದ ಎರಡು ಸಿಲಿಂಡರ್‌ಗಳಲ್ಲಿ ಒಂದು ಸೆಳೆಯುವಾಗ ಇನ್ನೊಂದು ತಳ್ಳುತ್ತದೆ. ನೀರು ಹಿಂದಕ್ಕೆ ಹೋಗದಂತೆ ತಡೆಯಲು ಮುಚ್ಚಳಗಳಿವೆ. ನಮ್ಮ ಗಾಡಿಯಲ್ಲೂ ಒಂದು ಪಿಸ್ಟನ್ ಏರುವಾಗ ಇನ್ನೊಂದು ಇಳಿಯುತ್ತದೆ, ಒಳಬಂದ ಗಾಳಿ ಹಿಂದಿರುಗದಂತೆ ರೀಡ್ ಎಂಬ ತೆಳು ಪಟ್ಟಿಗಳಿವೆ. ಉಸ್ತಾದರಿಗೆ ಇದನ್ನು ಹೇಳಿದಾಗ, "ಹಾಗಾದರೆ ಅವನಿಗೂ ಜೋಡಿಯ ತೊಂದರೆ ಗೊತ್ತಿತ್ತು ಬಿಡು ಬೇಟಾ" ಎಂದು ನಕ್ಕರು.

ಆದರೆ ಹಲಗೆಯನ್ನು ತೋರಿಸಿದಾಗ ನಗಲಿಲ್ಲ. "ನನಗೆ ಕೇಳಿಸುವುದಿಲ್ಲ ಎಂದು ಮಾಡಿದೆಯಾ?" ಎಂದರು. ನಾನು ಸುಳ್ಳು ಹೇಳಿದೆ. "ಇಲ್ಲ ಉಸ್ತಾದ್, ನನಗೆ ಕಲಿಯಲಿಕ್ಕೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಲೈಡ್‌ಗಳನ್ನು ಮೊದಲು ತಮ್ಮ ಬೆರಳಿನಿಂದಲೇ ಸಮ ಮಾಡಿಕೊಂಡರು. ನಂತರ ಸ್ಕ್ರೂ ತಿರುಗಿಸುತ್ತಾ ಎಣ್ಣೆಯ ಎರಡು ಕಂಬಗಳನ್ನು ಒಂದೇ ಮಟ್ಟಕ್ಕೆ ತಂದರು. ಬೆರಳಿಗೆ ಸಿಕ್ಕದ ಕೂದಲೆಳೆಯ ವ್ಯತ್ಯಾಸವೊಂದು ಎಣ್ಣೆಯಲ್ಲಿ ಕಂಡಿತ್ತು. ಗಾಡಿ ಅಷ್ಟು ನಯವಾಗಿ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಪೈಪ್ ತೆಗೆದ ಮೇಲೆ ನಿಪ್ಪಲ್ ಮುಚ್ಚಬೇಕು. ಅದು ನನ್ನ ಕೆಲಸ. ಸರಿಯಾದ ಬಿರಡೆ ಇರಲಿಲ್ಲ. ಸಂಜೆಯಾಗಿತ್ತು, ಅವಸರದಲ್ಲಿದ್ದೆ. ಹಳೆಯ ರಬ್ಬರ್ ಪೈಪಿನ ಎರಡು ತುಂಡು ಕತ್ತರಿಸಿ, ಒಂದೊಂದರ ಬಾಯಿಗೂ ಒಂದು ಬೋಲ್ಟ್ ತುರುಕಿ ಸಿಕ್ಕಿಸಿದೆ. ಇಡೀ ದಿನ ಅಳತೆಯಲ್ಲಿ ಕೂದಲೆಳೆಯ ತಪ್ಪನ್ನೂ ಬಿಡದವನು ಕೊನೆಯ ಐದು ನಿಮಿಷ ಕಣ್ಣು ಮುಚ್ಚಿದ್ದೆ.

ಎರಡು ದಿನದ ನಂತರ ಉಸ್ತಾದ್ ಗಾಡಿಯನ್ನು ಹುಸ್ಕೂರು ರಸ್ತೆಯಲ್ಲಿ ಓಡಿಸಿ ನೋಡಲು ಹೋದರು. ರಬ್ಬರ್ ಸೀಳಿ ಎಡಗಡೆಯ ರಂಧ್ರ ಗಾಳಿ ಎಳೆಯಲಾರಂಭಿಸಿತ್ತು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಟೂ ಸ್ಟ್ರೋಕ್ ಎಂಜಿನ್ ಅತಿಯಾಗಿ ಕಾಯುತ್ತದೆ. ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಓಡುತ್ತಿರುವಾಗಲೇ ಹಿಂದಿನ ಚಕ್ರ ನಿಂತುಬಿಡುತ್ತದೆ. ಹಾಗೆಯೇ ಆಯಿತು. ಕ್ಲಚ್ ಹಿಡಿದದ್ದರಿಂದ ಜೀವ ಉಳಿಯಿತು. ಮೊಣಕೈ ತರಚಿತ್ತು, ಅಂಗಿ ಹರಿದಿತ್ತು.

ಗಾಡಿ ತಳ್ಳಿಕೊಂಡು ಬಂದಾಗ ಗ್ಯಾರೇಜಿನ ಮಾಲೀಕ ಎಲ್ಲರೆದುರು, "ಕಿವಿ ಹೋದ ಮೇಲೂ ಟ್ಯೂನಿಂಗ್ ಮಾಡಲು ಬಿಟ್ಟದ್ದು ನನ್ನ ತಪ್ಪು" ಎಂದ. ಉಸ್ತಾದ್ ಉತ್ತರಿಸಲಿಲ್ಲ. ನಾನೂ ಮಾತಾಡಲಿಲ್ಲ. ಕಾರಣ ಗೊತ್ತಿರಲಿಲ್ಲ ಎಂದು ಹೇಳಬಹುದು. ಆದರೆ ಅನುಮಾನವಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೋದಾಗ ಅವರು ಎಂಜಿನ್ ಬಿಚ್ಚಿ ಕೂತಿದ್ದರು. ಎಡಗಡೆಯ ಪ್ಲಗ್ ಸುಣ್ಣದಂತೆ ಬೆಳ್ಳಗಿತ್ತು, ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರುಗಳಿದ್ದವು. ಅವರು ಜೇಬಿನಿಂದ ಸೀಳಿದ ರಬ್ಬರ್ ತುಂಡನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ನಿನ್ನೆ ರಸ್ತೆಯಲ್ಲೇ ಅವರಿಗೆ ಅದು ಸಿಕ್ಕಿತ್ತು.

"ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯಲಿಲ್ಲ. ಕಿವಿಗೆ ಕೇಳಲಿಲ್ಲ, ಕೈಗೆ ತಿಳಿಯಿತು. ಆಗಲೇ ಎರಡು ಬೆರಳು ಕ್ಲಚ್ ಮೇಲಿಟ್ಟೆ" ಎಂದರು.

"ನಿನ್ನೆ ಎಲ್ಲರೆದುರು ಯಾಕೆ ಹೇಳಲಿಲ್ಲ ಉಸ್ತಾದ್?"

"ಅದು ನಾನು ಹೇಳುವ ಮಾತಲ್ಲ ಬೇಟಾ."

ಮಾಲೀಕನೂ ಹುಡುಗರೂ ಬರುವವರೆಗೆ ಕಾದೆ. ಆ ತುಂಡನ್ನು ತೋರಿಸಿ, ತಪ್ಪು ನನ್ನದು, ಟ್ಯೂನಿಂಗ್‌ನದ್ದಲ್ಲ ಎಂದೆ. ಬಹಳ ಸಣ್ಣ ಮಾತು. ಆದರೆ ಅದನ್ನು ಹೇಳಲು ಒಂದು ದಿನ ತಡಮಾಡಿದ್ದೆ. ಆ ಒಂದು ದಿನ ಅವರು ನನ್ನ ತಪ್ಪನ್ನು ತಮ್ಮ ಹೆಗಲ ಮೇಲೆ ಹೊತ್ತಿದ್ದರು. ಹೊಲಿಗೆ ಬಿಟ್ಟ ಗಾಯಕ್ಕಿಂತ ಅಂತಹ ಒಂದು ದಿನ ವಾಸಿಯಾಗುವುದು ಕಷ್ಟ.

ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಿದೆವು. ಖರ್ಚು ನನ್ನದು. ಈ ಸಲ ನಿಪ್ಪಲ್ ತೆಗೆದು, ರಂಧ್ರಕ್ಕೆ ತಾಮ್ರದ ವಾಷರ್ ಸಮೇತ ಬೋಲ್ಟ್ ಬಿಗಿದೆವು. ಅಳೆಯುವಾಗ ಮಾತ್ರ ಬೋಲ್ಟ್ ಬಿಚ್ಚಿ ನಿಪ್ಪಲ್ ಹಾಕಬೇಕು. ಈ ಉಪಾಯ ಉಸ್ತಾದರದು. ಹಲಗೆಯನ್ನೂ ಅವರೇ ಇಟ್ಟುಕೊಂಡರು. ಮುಂದೆ ಬಂದ ಆರ್‌ಡಿ ಗಾಡಿಗಳಿಗೆಲ್ಲ ಮೊದಲು ಬೆರಳು, ಆಮೇಲೆ ಎಣ್ಣೆ ಎಂಬ ಕ್ರಮ ಮಾಡಿಕೊಂಡರು. ನಗುತ್ತಿದ್ದ ಹುಡುಗರಿಗೆ ಎರಡನ್ನೂ ಕಲಿಸಿದರು.

ಉಸ್ತಾದ್ ಈಗಿಲ್ಲ. ಗ್ಯಾರೇಜ್ ಇದ್ದ ಜಾಗದಲ್ಲಿ ಬಾಡಿಗೆ ಮನೆಗಳೆದ್ದಿವೆ. ಗಾಡಿ ನನ್ನ ಮನೆಯ ಮುಂದಿದೆ. ತಿಂಗಳಿಗೊಮ್ಮೆ ಚಾಲೂ ಮಾಡುತ್ತೇನೆ. ಹೊರಡುವ ಮೊದಲು ಆ ಎರಡು ಬೋಲ್ಟ್‌ಗಳನ್ನು ಬೆರಳಿನಿಂದ ಮುಟ್ಟಿ ನೋಡುವುದನ್ನು ಮಾತ್ರ ಮರೆಯುವುದಿಲ್ಲ.