ಬಾಗಿಲಿಗೆ ಹೋಗುವವರು

ಮಂಗಳೂರಿನಲ್ಲಿ ನಾನು ಬಾಡಿಗೆಗಿದ್ದ ಓಣಿಯ ಕೊನೆಯ ಮನೆಯಲ್ಲಿ ಒಬ್ಬಂಟಿ ಬಾಯಮ್ಮ ಇದ್ದರು. ಭಾನುವಾರ ಬಲಿಪೂಜೆ ಮುಗಿದ ಮೇಲೆ ಇಗರ್ಜಿಯ ಇಬ್ಬರು ಹುಡುಗರು ಅವರಲ್ಲಿಗೆ ಬರುತ್ತಿದ್ದರು. ಅಕ್ಕಿ ಇಳಿಸಿ ಹೋಗುವವರು ಅಂದುಕೊಂಡಿದ್ದೆ. ಇಲ್ಲ, ಒಬ್ಬ ಕೆಟ್ಟುಹೋದ ಬಲ್ಬು ಬದಲಿಸಿದರೆ ಇನ್ನೊಬ್ಬ ಜಗಲಿಯಲ್ಲಿ ಕೂತು ಮುಂಬೈ ಸೊಸೆಯ ಮೇಲಿನ ದೂರು ಕೇಳುತ್ತಿದ್ದ. ಪ್ರತಿವಾರ ಅದೇ ದೂರು!

ಸಂತ ವಿನ್ಸೆಂಟ್ ದೆ ಪಾವ್ಲ್ ಸೊಸೈಟಿಯ ಹುಡುಗರಂತೆ. 1833ರಲ್ಲಿ ಪ್ಯಾರಿಸಿನಲ್ಲಿ ಅದನ್ನು ಕಟ್ಟಿದವರೂ ಹುಡುಗರೇ. ಫ್ರೆಡೆರಿಕ್ ಓಜನಾಮ್‌ಗೆ ಆಗ ಇಪ್ಪತ್ತು ವರ್ಷ. ನಿಮ್ಮ ಧರ್ಮ ಹಿಂದೆ ಮಾಡಿದ್ದು ಇರಲಿ, ಬಡವರಿಗೆ ಈಗ ನೀವೇನು ಮಾಡುತ್ತಿದ್ದೀರಿ ಎಂದು ಯಾರೋ ಕೆಣಕಿದರು. ಅವರು ವಾದಕ್ಕಿಳಿಯದೆ ಬಡವರ ಮನೆಗಳಿಗೆ ನಡೆದರು. ದಾರಿ ತೋರಿಸಿದವರು ರೊಸಾಲಿ ಎಂಬ ಸಿಸ್ಟರ್. ಮನೆಗೆ ಹೋಗಿ ಕಾಣುವುದು ಇಂದಿಗೂ ಆ ಸೊಸೈಟಿಯ ಮುಖ್ಯ ಕೆಲಸ.

ಆ ಕೆಣಕು ನನಗೂ ತಾಗಿತು. ರಮಝಾನಿನಲ್ಲಿ ನಮ್ಮ ಗೇಟಿನೆದುರು ಝಕಾತಿಗೆ ಸಾಲು ನಿಲ್ಲುತ್ತದೆ. ನಾನು ಒಳಗಿನಿಂದಲೇ ನೋಟು ಚಾಚುತ್ತೇನೆ. ಪ್ರತಿವರ್ಷ ಬರುವ ಒಬ್ಬ ಖಾಲಾ ಇದ್ದಾರೆ. ಅವರ ಮನೆ ಎಲ್ಲಿ ಎಂದು ಒಂದು ದಿನವೂ ಕೇಳಿದವನಲ್ಲ. ಕಳೆದ ರಮಝಾನಿನಲ್ಲಿ ಕೇಳಿದೆ.

ಖಾಲಾ ಗಾಬರಿಯಾದರು. “ಯಾಕೆ ಬೇಟಾ, ಇನ್ನು ನಾನು ಬರಬಾರದಾ?”