ಬಾಂಡ್ ಯಾರ ಮನೆಯ ಹುಡುಗ?

2025ರ ಫೆಬ್ರವರಿ 20ರಂದು ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಎಕ್ಸ್‌ನಲ್ಲಿ ಒಂದೇ ಸಾಲಿನ ಪ್ರಶ್ನೆ ಹಾಕಿದರು: ಮುಂದಿನ ಬಾಂಡ್ ಆಗಿ ನೀವು ಯಾರನ್ನು ಆರಿಸುತ್ತೀರಿ? ಜೇಮ್ಸ್ ಬಾಂಡ್ ಸಿನಿಮಾಗಳ ಮೇಲಿನ ಹಿಡಿತ ಬ್ರೊಕೊಲಿ ಕುಟುಂಬದ ಕೈಯಿಂದ ಅಮೆಜಾನ್ ಎಂಜಿಎಂ ಸ್ಟುಡಿಯೋದ ಕೈಗೆ ಹೋಗುತ್ತಿದೆ ಎಂಬ ಸುದ್ದಿ ಹೊರಬಿದ್ದದ್ದು ಅದೇ ದಿನ. ಜಗತ್ತಿನ ಮೂಲೆಮೂಲೆಯಿಂದ ಅಭಿಮಾನಿಗಳು ತಮ್ಮ ತಮ್ಮ ನಟರ ಹೆಸರು ಕೂಗಿದರು.

ನಮ್ಮ ಹಾಸ್ಟೆಲ್ಲಿನ ಮೆಸ್ಸಿನಲ್ಲೂ ಆ ವಾರವೆಲ್ಲ ಅದೇ ಮಾತು. ನಮ್ಮ ಟೇಬಲ್ಲಿನವರು ಸ್ವಲ್ಪ ಓದಿಕೊಂಡವರಲ್ಲವೇ, ಬರೀ ನಟನ ಬಗ್ಗೆ ಮಾತಾಡಿದರೆ ಮರ್ಯಾದೆ ಕಡಿಮೆ. ನಿರ್ದೇಶಿಸುವವರು ಯಾರು, ಬರೆಯುವವರು ಯಾರು ಎಂಬಲ್ಲಿಂದಲೇ ಶುರು. ಭೌತಶಾಸ್ತ್ರದ ಗೆಳೆಯನಿಗೆ ಕ್ರಿಸ್ಟೋಫರ್ ನೋಲನ್ ಬಿಟ್ಟು ಬೇರೆ ಯಾರೂ ಬೇಡ. ಇತಿಹಾಸ ವಿಭಾಗದ ನನ್ನ ರೂಮ್‌ಮೇಟ್‌ಗೆ ಈ ಸಲವಾದರೂ ಒಬ್ಬ ಹೆಂಗಸು ನಿರ್ದೇಶಿಸಬೇಕು. "ಆಮೇಲೆ ಅದು ಬಾಂಡ್ ಸಿನಿಮಾ ಆಗಿರಲ್ಲ ಬಿಡು ಮಾರಾಯ್ತಿ" ಎಂದ ಅವನು. "ನೀನೇನು ಬಾಂಡ್‌ನ ಸೋದರಮಾವನಾ?" ಎಂದಳು ಇವಳು. ಸಾರು ಆರಿತು, ಜಗಳ ಆರಲಿಲ್ಲ.

ಅವಳು ತಮಾಷೆಗೆ ಆಡಿದ ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಬಾಂಡ್ ಯಾರ ಮನೆಯ ಹುಡುಗ? ಅವನ ಬಗ್ಗೆ ಮಾತಾಡುವ ಅಧಿಕಾರ ಸೋದರಮಾವನದೋ, ಹೆತ್ತವರದೋ, ದತ್ತು ತೆಗೆದುಕೊಂಡವರದೋ, ಅಥವಾ ಬೀದಿಯಲ್ಲಿ ನಿಂತು ಮೆರವಣಿಗೆ ನೋಡಿದ ನಮ್ಮಂಥವರದೋ?

ನನಗೆ ಬಾಂಡ್ ಸಿಕ್ಕಿದ್ದು ಅಪ್ಪನಿಂದ. ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. ಕೇಬಲ್ಲಿನಲ್ಲಿ ಬಾಂಡ್ ಸಿನಿಮಾ ಬಂದರೆ ಊಟದ ತಟ್ಟೆ ಟಿವಿಯ ಮುಂದೆ ಬರುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಭಾನುವಾರ 'ಗೋಲ್ಡ್‌ಫಿಂಗರ್' ನೋಡುತ್ತಿದ್ದೆವು. 1964ರ ಸಿನಿಮಾ. ಅದರಲ್ಲಿ ಕುದುರೆ ಲಾಯದ ದೃಶ್ಯವೊಂದಿದೆ. ಬೇಡವೆಂದು ತಳ್ಳುತ್ತಿರುವ ಹೆಣ್ಣನ್ನು ಬಾಂಡ್ ಬಲವಂತವಾಗಿ ಹುಲ್ಲಿನ ಮೇಲೆ ಕೆಡವುತ್ತಾನೆ, ಮರುಕ್ಷಣ ಆಕೆ ಒಲಿದಳು ಎಂದು ಸಿನಿಮಾ ತೋರಿಸುತ್ತದೆ. "ನೀರು ಕುಡಿದು ಬರ್ತೀನಿ ಕಣಮ್ಮ" ಎಂದು ಅಪ್ಪ ಎದ್ದು ಅಡುಗೆಮನೆಗೆ ಹೋದರು. ನೀರಿನ ಚೊಂಬು ಅವರ ಪಕ್ಕದಲ್ಲೇ ಇತ್ತು.

ಅಂದಿನಿಂದ ನನ್ನ ಬಾಂಡ್ ಪ್ರೀತಿಯಲ್ಲಿ ಒಂದು ಮುಳ್ಳು ಇದೆ. ಆ ಸಂಗೀತ ಶುರುವಾದರೆ ಈಗಲೂ ಮೈ ನವಿರೇಳುತ್ತದೆ; ಆದರೆ ಯಾವ ಕ್ಷಣದಲ್ಲಿ ಯಾರು ಎದ್ದು ಅಡುಗೆಮನೆಗೆ ಹೋಗಬೇಕಾಗುತ್ತದೋ ಎಂಬ ಅಳುಕೂ ಜೊತೆಗಿರುತ್ತದೆ. ಹಾಗಾಗಿ ಈ ಕಥೆಯನ್ನು ಯಾರು ಬರೆಯುತ್ತಾರೆ ಎಂಬುದು ನನ್ನ ಪಾಲಿಗೆ ಮೆಸ್ಸಿನ ಹರಟೆಗಿಂತ ಸ್ವಲ್ಪ ಹೆಚ್ಚಿನದು.

1962ರ 'ಡಾಕ್ಟರ್ ನೋ'ದಿಂದ 2021ರ 'ನೋ ಟೈಮ್ ಟು ಡೈ'ವರೆಗೆ ಬ್ರೊಕೊಲಿ ಕುಟುಂಬದ ಇಯಾನ್ ಸಂಸ್ಥೆ 25 ಬಾಂಡ್ ಸಿನಿಮಾಗಳನ್ನು ತಂದಿದೆ. ಒಂದನ್ನೂ ಹೆಂಗಸು ನಿರ್ದೇಶಿಸಿಲ್ಲ. ಕೊನೆಯ ಸಿನಿಮಾದ ಬರವಣಿಗೆಗೆ ಫೀಬಿ ವಾಲರ್-ಬ್ರಿಜ್ ಸೇರಿದ್ದಾರೆ ಎಂದಾಗ, ಇನ್ನು ಬಾಂಡ್ ಕೈಗೆ ಬಳೆ ತೊಡಿಸುತ್ತಾರೆ ಎಂಬ ಧಾಟಿಯಲ್ಲಿ ಗೊಣಗಿದ ಅಭಿಮಾನಿಗಳಿದ್ದರು. ಮೊಟ್ಟಮೊದಲ 'ಡಾಕ್ಟರ್ ನೋ'ದ ಚಿತ್ರಕಥೆಯಲ್ಲೇ ಜೊಹಾನಾ ಹಾರ್‌ವುಡ್ ಎಂಬ ಮಹಿಳೆಯ ಹೆಸರಿದೆ. ಎರಡನೆಯ 'ಫ್ರಮ್ ರಷ್ಯಾ ವಿತ್ ಲವ್'ನಲ್ಲೂ ಇದೆ. ಶುದ್ಧ ಗಂಡಸಿನ ಬಾಂಡ್ ಎಂದು ಅವರು ಕಾಪಾಡಲು ಹೊರಟ ಆ ಆದಿಕಾಲದಲ್ಲೇ ಒಬ್ಬಾಕೆ ಪೆನ್ನು ಹಿಡಿದು ಕೂತಿದ್ದರು.

ಅದಕ್ಕಿಂತ ದೊಡ್ಡ ಸಂಗತಿ ನಿರ್ಮಾಪಕರ ಕುರ್ಚಿಯದು. 1995ರ 'ಗೋಲ್ಡನ್‌ಐ'ಯಿಂದ ಆ ಕುರ್ಚಿಯಲ್ಲಿ ಬಾರ್ಬರಾ ಬ್ರೊಕೊಲಿ ಮತ್ತು ಅವರ ಅಣ್ಣ ಮೈಕೆಲ್ ವಿಲ್ಸನ್ ಇದ್ದರು. 2005ರಲ್ಲಿ ಡೇನಿಯಲ್ ಕ್ರೇಗ್‌ನನ್ನು ಆರಿಸಿದಾಗ ಅಭಿಮಾನಿಗಳು ಬಹಿಷ್ಕಾರಕ್ಕೆ ಕರೆ ಕೊಟ್ಟರು, ಅದಕ್ಕೆಂದೇ ವೆಬ್‌ಸೈಟ್ ತೆರೆದರು. ಎತ್ತರ ಸಾಲದು, ಕೂದಲಿನ ಬಣ್ಣ ಸರಿಯಿಲ್ಲ ಎಂದರು. ಮರುವರ್ಷ 'ಕಸೀನೋ ರಾಯಲ್' ಬಂತು, ಕ್ರೇಗ್ ಐದು ಸಿನಿಮಾಗಳಲ್ಲಿ ಬಾಂಡ್ ಆದ. ಬಾಂಡ್ ಯಾವ ಬಣ್ಣದವನಾದರೂ ಆಗಬಹುದು, ಆದರೆ ಗಂಡಸಾಗಿಯೇ ಇರುತ್ತಾನೆ, ಹೆಂಗಸರಿಗೆ ಹೊಸ ಪಾತ್ರಗಳನ್ನೇ ಬರೆಯಬೇಕು ಎಂದದ್ದೂ ಇದೇ ಬಾರ್ಬರಾ. ಒಪ್ಪಿ ಬಿಡಿ, ಕಾಲು ಶತಮಾನ ಈ ಗಂಡಸಿನ ಹಣೆಬರಹ ಬರೆದವರಲ್ಲಿ ಒಬ್ಬಾಕೆ ಹೆಂಗಸು.

ಅಭಿಮಾನಿಗಳ ಜಗಳದಲ್ಲಿ ನಿರ್ದೇಶಕನ ಹೆಸರು ಸದಾ ಮುಂದೆ. ಬಾಂಡ್ ಮನೆಯ ವ್ಯವಹಾರವೇ ಬೇರೆ. ಅಲ್ಲಿ ನಿರ್ದೇಶಕ ಕರೆದಾಗ ಬಂದು ಹೋಗುವ ನೆಂಟ. ಡ್ಯಾನಿ ಬಾಯ್ಲ್ ಅಷ್ಟು ಹೆಸರಾಂತ ನಿರ್ದೇಶಕರಾದರೂ 2018ರಲ್ಲಿ ಅಭಿಪ್ರಾಯ ಹೊಂದದೆ ಹೊರನಡೆಯಬೇಕಾಯಿತು. ಸ್ಟೀವನ್ ಸ್ಪೀಲ್‌ಬರ್ಗ್ ಬಾಂಡ್ ಸಿನಿಮಾ ಮಾಡುವ ಆಸೆ ಹೇಳಿಕೊಂಡಾಗ ಬಾರ್ಬರಾರ ತಂದೆ, ಸಂಸ್ಥೆ ಕಟ್ಟಿದ ಆಲ್ಬರ್ಟ್ ಬ್ರೊಕೊಲಿ, ಒಪ್ಪಲಿಲ್ಲ. ಆ ಆಸೆ ಕೇಳಿದ ಜಾರ್ಜ್ ಲೂಕಾಸ್ ತನ್ನ ಹತ್ತಿರ ಇನ್ನೂ ಒಳ್ಳೆಯದೊಂದಿದೆ ಎಂದು ಇಂಡಿಯಾನಾ ಜೋನ್ಸ್ ಕಥೆ ಹೇಳಿದರು. 1981ರಲ್ಲಿ 'ರೇಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ಬಂತು. 1989ರಲ್ಲಿ ಇಂಡಿಯಾನಾ ಜೋನ್ಸ್‌ನ ಅಪ್ಪನ ಪಾತ್ರಕ್ಕೆ ಸ್ಪೀಲ್‌ಬರ್ಗ್ ಕರೆತಂದದ್ದು ಮೊದಲ ಬಾಂಡ್ ಶಾನ್ ಕಾನರಿಯನ್ನೇ! ಬಾಗಿಲು ಮುಚ್ಚಿದ ಮನೆಯ ಹಿರಿಯನನ್ನು ತನ್ನ ಮನೆಗೆ ಕರೆದು ಜಗಲಿಯಲ್ಲಿ ಕೂರಿಸಿಕೊಂಡ ಹಾಗೆ.

2025ರ ಮಾರ್ಚಿನಲ್ಲಿ ಅಮೆಜಾನ್ ಹೊಸ ನಿರ್ಮಾಪಕರನ್ನು ಹೆಸರಿಸಿತು: ಸ್ಪೈಡರ್‌ಮ್ಯಾನ್ ಸಿನಿಮಾಗಳ ಏಮಿ ಪಾಸ್ಕಲ್, ಹ್ಯಾರಿ ಪಾಟರ್ ಸಿನಿಮಾಗಳ ಡೇವಿಡ್ ಹೇಮನ್. ಜೂನ್‌ನಲ್ಲಿ ನಿರ್ದೇಶಕರಾಗಿ 'ಡ್ಯೂನ್' ಖ್ಯಾತಿಯ ಡೆನಿ ವಿಲ್ನವ್, ಜುಲೈ ಕೊನೆಗೆ ಬರೆಯಲು 'ಪೀಕಿ ಬ್ಲೈಂಡರ್ಸ್' ಸೃಷ್ಟಿಸಿದ ಸ್ಟೀವನ್ ನೈಟ್. ಚಿಕ್ಕಂದಿನಲ್ಲಿ ತಂದೆಯ ಜೊತೆ ಕೂತು ಬಾಂಡ್ ನೋಡಿ ಬೆಳೆದವನು ನಾನು ಎಂದು ವಿಲ್ನವ್ ಹೇಳಿಕೊಂಡರು. ನನಗೆ ತುಂಬ ಖುಷಿಯಾಗಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಅಡುಗೆ ಭಟ್ಟರು ಯಾರು ಅಂತ ನೋಡ್ತಾ ಕೂತಿದ್ದೀಯಲ್ಲಮ್ಮ, ಛತ್ರ ಯಾರ ಕೈಗೆ ಹೋಯ್ತು ನೋಡು" ಎಂದರು. ಮೂವತ್ತೈದು ವರ್ಷ ಸಾಲದ ಕಡತ ನೋಡಿದವರ ಕಣ್ಣು ಅದು.

ಅಪ್ಪನ ಮಾತು ನನ್ನನ್ನು ನೇರ ಸಂಶೋಧನೆಯ ಮೇಜಿಗೇ ತಂದು ಕೂರಿಸಿತು. ಕನ್ನಡ ಕವಿಗಳು ಮಹಾಭಾರತವನ್ನು ಹೇಗೆಲ್ಲ ಮತ್ತೆ ಮತ್ತೆ ಬರೆದರು ಎಂಬುದು ನನ್ನ ಪಿಎಚ್.ಡಿ. ವಿಷಯ. ನಮ್ಮ ವಿಭಾಗದಲ್ಲಿ ನಾವೂ ಪಂಪ ದೊಡ್ಡವನೋ ಕುಮಾರವ್ಯಾಸ ದೊಡ್ಡವನೋ ಎಂದು ಮೆಸ್ಸಿನವರ ಹಾಗೆಯೇ ಕಿತ್ತಾಡುತ್ತೇವೆ. ಆದರೆ ಕವಿಯ ಪಕ್ಕದಲ್ಲಿ ಆಶ್ರಯ ಕೊಟ್ಟವನನ್ನೂ ನಿಲ್ಲಿಸಿ ನೋಡಿದರೆ ಚಿತ್ರವೇ ಬದಲಾಗುತ್ತದೆ. ಪಂಪನಿಗೆ ಅರಿಕೇಸರಿಯ ಆಶ್ರಯ. ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ್ದರಿಂದ ಕಥೆಯ ನಾಯಕ ಅರ್ಜುನ. ದ್ರೌಪದಿ ಐವರ ಹೆಂಡತಿಯಾಗುವುದಿಲ್ಲ, ಅರ್ಜುನನೊಬ್ಬನನ್ನೇ ಮದುವೆಯಾಗುತ್ತಾಳೆ. ಕೊನೆಗೆ ಪಟ್ಟವೂ ಅರ್ಜುನನಿಗೇ. ಮುಂದೆ ರನ್ನನಿಗೆ ಸತ್ಯಾಶ್ರಯನ ಆಶ್ರಯ ಸಿಕ್ಕಿತು. ಭೀಮ ಎದ್ದು ನಿಂತ. ಗದುಗಿನ ಕುಮಾರವ್ಯಾಸ ಯಾವ ಅರಸನನ್ನೂ ನಾಯಕನೊಳಗೆ ಕೂರಿಸಲಿಲ್ಲ. ಕಾವ್ಯವನ್ನು ಊರ ದೇವರ ಪಾದಕ್ಕೆ ಹಾಕಿ, ಕೃಷ್ಣನ ಕಥೆ ಹೇಳುತ್ತೇನೆಂದು ಹೊರಟ.

ಅನ್ನದಾತ ಬದಲಾದಾಗ ನಾಯಕ ಬದಲಾದ. ಹಾಗೆಂದು ಪಂಪನನ್ನು ಬರೀ ಹಣ ಕೊಟ್ಟವನ ಭಟ್ಟಂಗಿ ಎನ್ನಲಾದೀತೇ? ಅವನ ಕರ್ಣನನ್ನು ಓದಿದ ಯಾರೂ ಹಾಗೆನ್ನಲಾರರು. ಆಶ್ರಯದಾತ ನಾಯಕನನ್ನು ಕೇಳಿದ, ಪಂಪ ಕೊಟ್ಟ. ಓದುಗರ ಕಣ್ಣೀರನ್ನು ಮಾತ್ರ ಕರ್ಣನಿಗೆ ಎತ್ತಿಟ್ಟ. ವಿಲ್ನವ್ ಮತ್ತು ನೈಟ್ ಅವರಿಂದಲೂ ನಾನು ನಿರೀಕ್ಷಿಸುವುದು ಇಂಥ ಜಾಣತನವನ್ನೇ.

ಆದರೂ ಒಂದು ದೊಡ್ಡ ವ್ಯತ್ಯಾಸವಿದೆ. ಪಂಪನ ಭಾರತ ಹಿಡಿಸದವನು ಇನ್ನೊಂದು ಭಾರತ ಬರೆಯಬಹುದಿತ್ತು. ಬಾಂಡ್ ವಿಷಯದಲ್ಲಿ ಹಾಗಿಲ್ಲ, ಅದು ಖಾತೆ-ಪಹಣಿ ಇರುವ ಆಸ್ತಿ. ಬಾಂಡ್‌ನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ಅವರೇ ಇದಕ್ಕೆ ಸಿಲುಕಿದ್ದರು. ಕೆವಿನ್ ಮೆಕ್ಲೋರಿ ಮತ್ತು ಜ್ಯಾಕ್ ವಿಟಿಂಗ್‌ಹ್ಯಾಮ್ ಜೊತೆ ಸೇರಿ ಹೆಣೆದ ಚಿತ್ರಕಥೆಯನ್ನು ಅವರು 1961ರಲ್ಲಿ 'ಥಂಡರ್‌ಬಾಲ್' ಕಾದಂಬರಿ ಮಾಡಿಕೊಂಡರು. ಮೆಕ್ಲೋರಿ ಕೋರ್ಟಿಗೆ ಹೋದರು. 1963ರ ರಾಜಿಯಲ್ಲಿ ಆ ಕಥೆಯ ಸಿನಿಮಾ ಹಕ್ಕು ಅವರ ಪಾಲಾಯಿತು. ಅದರ ಬಲದಿಂದಲೇ 1983ರಲ್ಲಿ ಎರಡು ಬಾಂಡ್ ಸಿನಿಮಾ ಎದುರಾಬದುರಾ ಬಂದವು: ಇಯಾನ್ ಸಂಸ್ಥೆಯ 'ಆಕ್ಟೋಪಸ್ಸಿ'ಯಲ್ಲಿ ರೋಜರ್ ಮೂರ್, ಹೊರಗಿನವರ 'ನೆವರ್ ಸೇ ನೆವರ್ ಅಗೇನ್'ನಲ್ಲಿ ಶಾನ್ ಕಾನರಿ. 2013ರಲ್ಲಿ ಆ ಹಕ್ಕುಗಳೂ ಬಾಂಡ್ ಮನೆಗೆ ಮರಳಿದವು. ಅಭಿಮಾನಿ ಬಾಂಡ್‌ನನ್ನು ಮಹಾಭಾರತದ ಹಾಗೆ ಪ್ರೀತಿಸುತ್ತಾನೆ, ಕಾನೂನು ಅವನನ್ನು ಸೈಟಿನ ಹಾಗೆ ಅಳೆಯುತ್ತದೆ. ಅಭಿಮಾನಿಗಳ ದನಿಯಲ್ಲಿ ಅಷ್ಟು ಸಿಟ್ಟು ಯಾಕೆ ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಇದೇ. ಬೇರೆಯವರ ಕೈಗೆ ಪೆನ್ನು ಕೊಡಿಸಲು ಕೂಗುವುದನ್ನು ಬಿಟ್ಟು ಅವರಿಗೆ ಬೇರೆ ದಾರಿ ಇಲ್ಲ.

ದಾರಿ ಇಲ್ಲದಾಗ ನಮ್ಮವರು ಏನು ಮಾಡಿದರು ನೋಡಿ. 1968ರಲ್ಲಿ ದೊರೆ-ಭಗವಾನ್ ಜೋಡಿ 'ಜೇಡರ ಬಲೆ' ತಂದಿತು. ರಾಜಕುಮಾರ್ ಸಿ.ಐ.ಡಿ. 999 ಆದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕಕ್ಕೂ ಅದೇ ಜೋಡಿಯ ನಿರ್ದೇಶನ. ಕೊನೆಯದರ ಇಂಗ್ಲಿಷ್ ಹಾಡು ಇವತ್ತಿಗೂ ಮೀಮ್‌ಗಳಲ್ಲಿ ಓಡಾಡುತ್ತಿದೆ. 'ಕಸ್ತೂರಿ ನಿವಾಸ', 'ಎರಡು ಕನಸು' ಮಾಡಿದ ಕೈಗಳೇ ಇವನ್ನೂ ಮಾಡಿದ್ದು. ಬಾಂಡ್ ಸಿನಿಮಾಗಳ ಗೀಳು ಇಲ್ಲಿ ಬಿತ್ತನೆಯಾಗಿ ಬೇರೆಯದೇ ಹೆಸರಿನ ಗಿಡ ಎದ್ದಿತು. ಲಂಡನ್ನಿನವರು ಕರೆಯಲೆಂದು ಯಾರೂ ಕಾಯಲಿಲ್ಲ.

ಈಗ ಇನ್ನೊಂದು ಬಾಗಿಲು ಸದ್ದಿಲ್ಲದೆ ತೆರೆದಿದೆ. ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಅವನ ಕೃತಿಗಳಿಗೆ ಹಕ್ಕುಸ್ವಾಮ್ಯ ಎನ್ನುತ್ತದೆ ಭಾರತದ ಕಾನೂನು. ಫ್ಲೆಮಿಂಗ್ ತೀರಿಕೊಂಡದ್ದು 1964ರ ಆಗಸ್ಟ್‌ನಲ್ಲಿ. ಅಂದರೆ ಅವರು ಬದುಕಿದ್ದಾಗ ಪ್ರಕಟವಾದ ಬಾಂಡ್ ಪುಸ್ತಕಗಳು 2025ರ ಜನವರಿ 1ರಿಂದ ನಮ್ಮ ದೇಶದಲ್ಲಿ ಎಲ್ಲರವು. ಬ್ರಿಟನ್ನಿನವರು 2034 ಮುಗಿಯುವವರೆಗೆ ಕಾಯಬೇಕು. ಬಹುಪಾಲು ಸಿನಿಮಾಗಳೂ, ಅವು ಹುಟ್ಟಿಸಿದ ಸಂಗೀತ, ಉಡಾಫೆ, ಲಾಂಛನಗಳೂ ಇನ್ನೂ ಒಡೆಯರ ಕೈಯಲ್ಲೇ ಇವೆ. ಟ್ರೇಡ್‌ಮಾರ್ಕಿನ ಬೇಲಿಯೂ ಇದೆ. ಆದರೆ 1953ರ 'ಕಸೀನೋ ರಾಯಲ್' ಪುಸ್ತಕದ ಬಾಂಡ್‌ನನ್ನು ಕನ್ನಡಕ್ಕೆ ತರಲು, ತಿದ್ದಲು, ಅವನ ಜೊತೆ ಜಗಳವಾಡಲು ಇಲ್ಲಿ ಯಾರ ಸಹಿಯೂ ಬೇಡ. ಇದಾದ 50 ದಿನಕ್ಕೆ ಆ ಒಂದು ಸಾಲಿನ ಪ್ರಶ್ನೆ ಬಂತು, ನಾವೆಲ್ಲ ಅದಕ್ಕೆ ಉತ್ತರ ಕೊಡಲು ಓಡಿದೆವು.

ವಿಲ್ನವ್ ಸಿನಿಮಾ ಬಂದ ದಿನ ಮೊದಲ ಆಟಕ್ಕೆ ನಾನಿರುತ್ತೇನೆ, ಆಮೇಲೆ ಮನಸಾರೆ ವಾದವನ್ನೂ ಮಾಡುತ್ತೇನೆ. ಯಾರು ಬರೆಯಬೇಕು ಎಂಬ ವಾದ ವಿಮರ್ಶೆಯ ಮೊದಲ ಮೆಟ್ಟಿಲು, ಅದನ್ನು ಹುಡುಗಾಟವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಲ್ಲಿಯವರೆಗೆ ಮಾತ್ರ ನನ್ನ ಥೀಸಿಸ್ಸಿನ ಕಡತದ ಪಕ್ಕದಲ್ಲಿ ಇನ್ನೊಂದು ಕಡತ ತೆರೆದಿಟ್ಟಿದ್ದೇನೆ. ಫ್ಲೆಮಿಂಗ್ ಪುಸ್ತಕಗಳಲ್ಲಿ ಬಾಂಡ್‌ನ ಮೇಲಧಿಕಾರಿಯ ಕೋಣೆಗೆ ಹೋಗುವ ದಾರಿಯಲ್ಲಿ ಮನಿಪೆನ್ನಿಯ ಮೇಜು ಇದೆ. ಎರಡು ಮಾತು ಆಡಿ ಎಲ್ಲರೂ ಅವಳನ್ನು ದಾಟಿ ಒಳಗೆ ಹೋಗುತ್ತಾರೆ. ಒಳಗೆ ಹೋದವರು, ಹೊರಗೆ ಬಂದವರು, ಬಾರದೇ ಹೋದವರು ಎಲ್ಲರ ಲೆಕ್ಕವೂ ಅವಳಿಗೆ ಗೊತ್ತಿರಲೇಬೇಕು. ಬಾಂಡ್ ಎಂಥವನು ಎಂದು ಅವಳನ್ನು ಇನ್ನೂ ಯಾರೂ ಕನ್ನಡದಲ್ಲಿ ಕೇಳಿಲ್ಲ.