ಹಠಾತ್ ಸಾವಿಗೆ ಜನರಿಟ್ಟ ಹೆಸರುಗಳು

ಕಾಸರಗೋಡಿನಲ್ಲಿ ಸಾವಿನ ಸುದ್ದಿಯೊಂದು ಕನ್ನಡ, ತುಳು, ಮಲಯಾಳಗಳಲ್ಲಿ ಏಕಕಾಲಕ್ಕೆ ಊರು ಸುತ್ತುತ್ತದೆ. ‘ನಿನ್ನೆ ಚೆನ್ನಾಗಿಯೇ ಇದ್ದರಲ್ಲ!’ ಎಂಬ ಉದ್ಗಾರದ ಭಾವ ಮಾತ್ರ ಮೂರರಲ್ಲೂ ಒಂದೇ. ಮರುದಿನ ಪತ್ರಿಕೆಯಲ್ಲಿ ‘ಹೃದಯಾಘಾತದಿಂದ ನಿಧನ’ ಎಂದು ಅಚ್ಚಾಗುತ್ತದೆ. ಭಾಷೆಯ ಅಧ್ಯಾಪಕನಾಗಿ ನಾನು ಈ ಸಾಲನ್ನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಅದು ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಮುಚ್ಚಿಡುತ್ತದೆ ಎಂಬ ಕುತೂಹಲವೇ ನನ್ನನ್ನು ಎಪಿಡೆಮಿಯಾಲಜಿಯತ್ತ, ಅಂದರೆ ರೋಗವು ಯಾರಲ್ಲಿ, ಎಲ್ಲಿ, ಯಾವಾಗ ಹೆಚ್ಚು ಎಂದು ಲೆಕ್ಕವಿಡುವ ಶಾಸ್ತ್ರದತ್ತ ಕರೆದೊಯ್ದಿತು.

ಲಕ್ಷಣ ಕಾಣಿಸಿಕೊಂಡ ಒಂದು ಗಂಟೆಯೊಳಗೆ, ಅಥವಾ ಕಂಡವರಿಲ್ಲದಿದ್ದರೆ ಕೊನೆಯ ಬಾರಿ ಆರೋಗ್ಯವಾಗಿ ಕಂಡ 24 ಗಂಟೆಯೊಳಗೆ, ಹೃದಯದ ಕಾರಣದಿಂದ ಸಂಭವಿಸುವ ಅನಿರೀಕ್ಷಿತ ಮರಣವನ್ನು ವೈದ್ಯರು ‘ಹಠಾತ್ ಹೃದಯ ಮರಣ’ ಎನ್ನುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 40ರಿಂದ 50 ಲಕ್ಷ ಜನ ಹೀಗೆ ಸಾಯುತ್ತಾರೆಂಬ ಅಂದಾಜಿದೆ. ಹೆಚ್ಚಿನವುಗಳ ಮೂಲ ಹೃದಯದ ರಕ್ತನಾಳಗಳ ಕಾಯಿಲೆ. ಆದರೆ ಎಳೆಯರ ಸಾವುಗಳ ಕಥೆ ಬೇರೆ; ಅದನ್ನು ಮೊದಲು ದಾಖಲಿಸಿದ್ದು ವೈದ್ಯರಲ್ಲ, ಭಾಷೆ.

ಫಿಲಿಪ್ಪೀನ್ಸಿನಲ್ಲಿ ಆರೋಗ್ಯವಂತ ತರುಣರು ನಿದ್ದೆಯಲ್ಲೇ ನರಳಿ ಸಾಯುವುದಕ್ಕೆ ‘ಬಂಗುಂಗುಟ್’ ಎಂಬ ಹೆಸರಿತ್ತು. ಏಳುವುದು, ನರಳುವುದು ಎಂಬ ಎರಡು ಮಾತುಗಳು ಅದರಲ್ಲಿ ಬೆರೆತಿವೆ ಎನ್ನುತ್ತಾರೆ. ಥಾಯ್ಲೆಂಡಿನ ಈಶಾನ್ಯದಲ್ಲಿ ಅದು ‘ಲಾಯ್ ತಾಯ್’. ಗಂಡಸರನ್ನು ಒಯ್ಯುವ ವಿಧವೆ ಭೂತವನ್ನು ವಂಚಿಸಲು ಅಲ್ಲಿನ ಪುರುಷರು ಮಲಗುವಾಗ ಹೆಣ್ಣಿನಂತೆ ಸಿಂಗರಿಸಿಕೊಳ್ಳುತ್ತಿದ್ದರು. ಜಪಾನಿನಲ್ಲಿ ‘ಪೊಕ್ಕುರಿ’, ನಮ್ಮ ‘ಥಟ್ಟನೆ’ಯಂಥ ಪದ. ಅದೇ ಜಪಾನಿನ ಕೆಲವು ಪೊಕ್ಕುರಿ ದೇಗುಲಗಳಲ್ಲಿ ವೃದ್ಧರು ನರಳದೆ ಸಾಯಲೆಂದು ಪ್ರಾರ್ಥಿಸುತ್ತಾರೆ. ನಮ್ಮ ಹಿರಿಯರೂ ಅನಾಯಾಸ ಮರಣವನ್ನು ಬೇಡುತ್ತಾರಷ್ಟೆ. ಎಂಬತ್ತರಲ್ಲಿ ವರವೆನಿಸುವುದು ಮೂವತ್ತರಲ್ಲಿ ಆಘಾತ.

ಲಾವೋಸಿನ ಯುದ್ಧಾನಂತರ ಅಮೆರಿಕಕ್ಕೆ ವಲಸೆ ಹೋದ ಹ್ಮೋಂಗ್ ಜನರಲ್ಲಿ 1977ರಿಂದ ಇಂಥ ಸಾವುಗಳು ಕಾಣಿಸಿಕೊಂಡವು. ಬಹುತೇಕ ಎಲ್ಲರೂ ಯುವಕರು, ಎಲ್ಲವೂ ರಾತ್ರಿ. ಶವಪರೀಕ್ಷೆಯಲ್ಲಿ ಹೃದಯದಲ್ಲಿ ಸಾವನ್ನು ವಿವರಿಸುವ ದೋಷ ಸಿಗಲಿಲ್ಲ. 1981ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಇವುಗಳ ವರದಿ ಪ್ರಕಟಿಸಿತು. 1992ರಲ್ಲಿ ಪೆದ್ರೊ ಮತ್ತು ಜೋಸೆಪ್ ಬ್ರುಗಾಡಾ ಸಹೋದರರು ಇಸಿಜಿಯ ವಿಶಿಷ್ಟ ವಿನ್ಯಾಸವೊಂದನ್ನು ಗುರುತಿಸಿದರು. 1997ರಲ್ಲಿ ಥಾಯ್ಲೆಂಡಿನ ಸಾವುಗಳಿಂದ ಬದುಕುಳಿದ ಅನೇಕರಲ್ಲಿ ಅದೇ ವಿನ್ಯಾಸ ಕಂಡಿತು. ಜೀವಕೋಶದೊಳಗೆ ಸೋಡಿಯಂ ಹರಿಯುವ ದಾರಿಯ ದೋಷದಿಂದ ಹೃದಯದ ವಿದ್ಯುತ್ತು ಕೆಡುತ್ತದೆಂದು ಮುಂದೆ ತಿಳಿಯಿತು. ಕಾರಣ ಭೂತವಲ್ಲ, ನಿಜ. ಆದರೆ ‘ಗಂಡಸರು, ತರುಣರು, ರಾತ್ರಿ’ ಎಂಬ ಮೂರು ಅಂಶಗಳನ್ನು ಆ ಭೂತದ ಕಥೆ ತಪ್ಪದೆ ಕಾಪಾಡಿತ್ತು.

ನಮ್ಮಲ್ಲಿ? 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ದತ್ತಾಂಶವು ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ರಲ್ಲಿ, ಇತರರಿಗಿಂತ ಆರು ವರ್ಷ ಮುಂಚೆ, ಆಗುತ್ತದೆಂದು ತೋರಿಸಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಗಡಿಯಾಚೆಯ ಕನ್ನಡಿಗರೂ ಈ ಮಾತನ್ನು ತಮ್ಮ ಎದೆಯ ಮೇಲೆ ಕೈಯಿಟ್ಟು ಯೋಚಿಸಿದರು. ಆದರೂ ಭಾರತದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸುವುದು ನಾಲ್ಕರಲ್ಲಿ ಒಂದಕ್ಕಿಂತಲೂ ಕಡಿಮೆ. ಉಳಿದವು ಊರಿನ ಮಾತಿನಲ್ಲೇ ಉಳಿಯುತ್ತವೆ.

ಆದ್ದರಿಂದಲೇ ಪದಗಳ ವಿಷಯದಲ್ಲಿ ನಿಷ್ಠುರರಾಗಬೇಕೆಂದು ನನ್ನ ವಾದ. ‘ಹೃದಯಾಘಾತ’, ‘ಹೃದಯಸ್ತಂಭನ’ ಎರಡೂ ಕನ್ನಡದಲ್ಲೂ ಮಲಯಾಳದಲ್ಲೂ ಇವೆ. ಎರಡು ಕಡೆಯೂ ಒಂದರ ಬದಲಿಗೆ ಇನ್ನೊಂದು ಬಳಕೆಯಾಗುತ್ತದೆ. ಆಘಾತವೆಂದರೆ ರಕ್ತದ ಹಾದಿ ಕಟ್ಟಿದ್ದು; ರೋಗಿ ಮಾತಾಡುತ್ತಿರಬಹುದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸ್ತಂಭನವೆಂದರೆ ಮಿಡಿತವೇ ನಿಂತದ್ದು. ಪ್ರಜ್ಞೆಯಿಲ್ಲ, ಸಹಜ ಉಸಿರಾಟವಿಲ್ಲ. ಅಲ್ಲಿ ಬಿದ್ದಲ್ಲೇ ಎದೆಯೊತ್ತಬೇಕು. ಒತ್ತುವವರಿಲ್ಲದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ. ಪದ ತಪ್ಪಿದರೆ ಮಾಡಬೇಕಾದ ಕೆಲಸವೂ ತಪ್ಪುತ್ತದೆ.

ಡೆನ್ಮಾರ್ಕ್ 2005ರಲ್ಲಿ ಶಾಲೆಗಳಲ್ಲಿ, ಮರುವರ್ಷ ವಾಹನ ಪರವಾನಗಿಗೆ, ಈ ತರಬೇತಿಯನ್ನು ಕಡ್ಡಾಯಗೊಳಿಸಿತು. 2001ರಿಂದ 2010ರ ನಡುವೆ ದಾರಿಹೋಕರು ಎದೆಯೊತ್ತಿದ ಪ್ರಕರಣಗಳು ಶೇಕಡಾ 21ರಿಂದ 45ಕ್ಕೆ ಏರಿದವು. ಮೂವತ್ತು ದಿನ ದಾಟಿ ಬದುಕಿದವರು ಶೇಕಡಾ 3.5ರಿಂದ 10.8ಕ್ಕೆ ಏರಿದರು. ಚಿಕಿತ್ಸೆಯ ಇತರ ಸುಧಾರಣೆಗಳೂ ಇದಕ್ಕೆ ಕಾರಣ; ಆದರೆ ಸಾಮಾನ್ಯರ ಕೈಗಳ ಪಾಲು ಸಣ್ಣದಲ್ಲ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನೀವು ನಾಳೆ ಪತ್ರಕರ್ತರಾಗುವಿರಿ, ಅಧ್ಯಾಪಕರಾಗುವಿರಿ, ಅನುವಾದಕರಾಗುವಿರಿ. ನಿಧನವಾರ್ತೆ ಬರೆಯುವಾಗ ಎರಡು ಪದಗಳ ಅಂತರ ನೆನಪಿರಲಿ. ಎದುರಿಗೇ ಯಾರಾದರೂ ಕುಸಿದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಿ. ನೆರವು ಬರುವವರೆಗೆ ನಿಲ್ಲಿಸಬೇಡಿ.